ಹಳೆಯ ರಿಸೀವರ್ ಹೇಳುವ ದುರಸ್ತಿಯ ಪಾಠ

ಕಳೆದ ದಸರೆಗೆ ಮುನ್ನ ಮನೆ ಸ್ವಚ್ಛಗೊಳಿಸುವಾಗ ನಮ್ಮ ನಡುಮನೆಯಲ್ಲಿ ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಸಂದರ್ಭ ಒದಗಿತು. ಒಂದು, 2010ರಲ್ಲಿ ನಾನು ಕೊಂಡ ಹೋಮ್ ಥಿಯೇಟರ್ ರಿಸೀವರ್. ಇನ್ನೊಂದು, ನನ್ನ ಚಿಕ್ಕಪ್ಪ 1976ರಲ್ಲಿ ಶಿಕಾಗೊದಲ್ಲಿ ಕೊಂಡು, 1979ರಲ್ಲಿ ಬೆಂಗಳೂರಿಗೆ ಮರಳುವಾಗ ಜೊತೆಗೆ ತಂದ ಮರಾಂಟ್ಜ್ 2240 ಸ್ಟೀರಿಯೊ ರಿಸೀವರ್. ಇ-ತ್ಯಾಜ್ಯ ಸಂಗ್ರಹಿಸುವವರು ಬಾಗಿಲಲ್ಲಿ ಕಾಯುತ್ತಿದ್ದರು. ಮಗಳು ಸಹಜವಾಗಿಯೇ ಹಳೆಯದರ ಕಡೆ ಕೈತೋರಿ, ‘ಅಪ್ಪಾ, ಇದನ್ನ ಕೊಟ್ಟುಬಿಡೋಣವಾ?’ ಎಂದಳು. ಕೊಡಬೇಕಾದದ್ದು ಅದನ್ನಲ್ಲ, ಹೊಸದನ್ನು ಎಂದಾಗ ಅವಳಿಗೆ ಆಶ್ಚರ್ಯವಾಯಿತು. ಹದಿನೈದು ವರ್ಷದ್ದು ಗಾಡಿ ಹತ್ತಿತು. ಐವತ್ತು ವರ್ಷದ್ದು ಮನೆಯಲ್ಲಿ ಉಳಿಯಿತು.

ಇದನ್ನು ಹಳೆಯದರ ಮೇಲಿನ ವ್ಯಾಮೋಹವೆಂದು ಓದುಗರು ಭಾವಿಸಬಾರದು. ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಹಿತ್ತಾಳೆ ಎಂಬ ವಾದದಲ್ಲಿ ನನಗೆ ನಂಬಿಕೆಯಿಲ್ಲ. ಹಳೆಯದನ್ನು ಉಳಿಸಿಕೊಂಡದ್ದಕ್ಕೆ ಕಾರಣ ಸರಳ. ಅದು ಹಾಡುತ್ತಿತ್ತು, ಹೊಸದು ಮೂಕವಾಗಿತ್ತು. ಹೊಸದು ಏಕೆ ಮೂಕವಾಯಿತು, ಹಳೆಯದು ಏಕೆ ಇನ್ನೂ ಹಾಡುತ್ತಿದೆ ಎಂಬ ಪ್ರಶ್ನೆ ಮಾತ್ರ ಅಷ್ಟು ಸರಳವಲ್ಲ. ಅದು ನಮ್ಮ ಮನೆಯ ಒಂದು ಪೆಟ್ಟಿಗೆಯನ್ನು ದಾಟಿ, ನಾವು ಕೊಳ್ಳುವ ಎಲ್ಲ ಯಂತ್ರಗಳ ಮೇಲೆ ನಮಗಿರುವ ಅಧಿಕಾರ ಎಷ್ಟು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ.

ರಿಸೀವರ್ ಎಂದರೆ ಮೂರು ಯಂತ್ರಗಳ ಒಂದು ಕೂಡುಕುಟುಂಬ. ರೇಡಿಯೊ ತರಂಗಗಳನ್ನು ಹಿಡಿಯುವ ಟ್ಯೂನರ್, ಗ್ರಾಮಫೋನ್ ಅಥವಾ ಟೇಪ್‌ನಿಂದ ಬರುವ ಕ್ಷೀಣ ಸಂಕೇತವನ್ನು ಹದಗೊಳಿಸುವ ಪ್ರೀ-ಆಂಪ್ಲಿಫಯರ್, ಸ್ಪೀಕರನ್ನು ನಡೆಸುವಷ್ಟು ಶಕ್ತಿ ಕೊಡುವ ಪವರ್ ಆಂಪ್ಲಿಫಯರ್ ಈ ಮೂರೂ ಅದರಲ್ಲಿ ಒಂದೇ ಸೂರಿನಡಿ ಇರುತ್ತವೆ. ಎಪ್ಪತ್ತರ ದಶಕ ಇವುಗಳ ಸುವರ್ಣಯುಗ. ಮರಾಂಟ್ಜ್, ಪಯೊನಿಯರ್, ಸಾನ್ಸುಯಿ, ಕೆನ್ವುಡ್ ಮೊದಲಾದ ಕಂಪೆನಿಗಳು ಒಂದನ್ನೊಂದು ಮೀರಿಸಲು ಪೈಪೋಟಿ ನಡೆಸಿದ್ದ ಕಾಲವದು. ಪಯೊನಿಯರ್ 1978ರಲ್ಲಿ ಹೊರತಂದ ಎಸ್‌ಎಕ್ಸ್-1980 ಎಂಬ ಮಾದರಿ ಪ್ರತಿ ಚಾನೆಲ್‌ಗೆ 270 ವ್ಯಾಟ್ ಕೊಡುತ್ತಿತ್ತು. ನಮ್ಮ ಚಿಕ್ಕಪ್ಪನದು ಅಂಥ ಮಹಾರಥಿಯಲ್ಲ. ಸಂಶೋಧನಾ ವಿದ್ಯಾರ್ಥಿಯೊಬ್ಬ ತನ್ನ ವೇತನದಲ್ಲಿ ಉಳಿಸಿ ಕೊಳ್ಳಬಹುದಾಗಿದ್ದ ಮಧ್ಯಮ ದರ್ಜೆಯದು.

ಅದು ಬಸವನಗುಡಿಯ ನಮ್ಮ ಹಳೆಯ ಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನಾಗ ಹೈಸ್ಕೂಲು ಹುಡುಗ. ಅಮೆರಿಕದ ವಿದ್ಯುತ್ತು 120 ವೋಲ್ಟ್, ನಮ್ಮದು 230. ಆದ್ದರಿಂದ ಅದರ ಜೊತೆ ಇಟ್ಟಿಗೆಗಿಂತ ಭಾರವಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಒಂದನ್ನು ಕೊಳ್ಳಬೇಕಾಯಿತು. ಚಿಕ್ಕಪ್ಪ ಗುಂಡಿ ಒತ್ತಿದಾಗ ಡಯಲ್ಲಿನ ಹಿಂದೆ ನೀಲಿ ಬೆಳಕು ಹತ್ತಿತು. ಬೆರಳಿನಿಂದ ಅಡ್ಡಲಾಗಿ ಉರುಳಿಸುವ ಚಕ್ರವೊಂದಿತ್ತು; ಅದನ್ನು ತಳ್ಳಿದರೆ ಮುಳ್ಳು ಡಯಲ್ಲಿನ ಈ ತುದಿಯಿಂದ ಆ ತುದಿಗೆ ಜಾರುತ್ತಿತ್ತು. ಎಫ್‌ಎಂ ಎಂದು ಬರೆದಿದ್ದ 88ರಿಂದ 108ರವರೆಗಿನ ಪಟ್ಟಿಯಲ್ಲಿ ಮುಳ್ಳನ್ನು ಎಲ್ಲಿ ನಿಲ್ಲಿಸಿದರೂ ಬರೀ ‘ಸುಯ್’ ಎಂಬ ಸದ್ದು. ನಮ್ಮ ಊರಿನ ಆಕಾಶದಲ್ಲಿ ಆಗ ಎಫ್‌ಎಂ ಇರಲೇ ಇಲ್ಲ. ‘ಬರುತ್ತೆ, ಇವತ್ತಲ್ಲ ನಾಳೆ’ ಎನ್ನುತ್ತಿದ್ದರು ಚಿಕ್ಕಪ್ಪ. ಮುಂದೆ ಆಕಾಶವಾಣಿಯ ಎಫ್‌ಎಂ ಬಂತು. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲೇ ಆರಂಭವಾಯಿತು. ಅತಿಥಿ ಬರುವ ಎಷ್ಟೋ ವರ್ಷ ಮೊದಲೇ ಮಣೆ ಹಾಕಿಟ್ಟಂತೆ, ಆ ಯಂತ್ರ ಅವುಗಳನ್ನೆಲ್ಲ ಯಾವ ಬದಲಾವಣೆಯೂ ಇಲ್ಲದೆ ಬರಮಾಡಿಕೊಂಡಿತು.

ಅದಕ್ಕೂ ಮೊದಲು ನಾವು ಕೇಳುತ್ತಿದ್ದದ್ದು ಮಧ್ಯಮ ತರಂಗದಲ್ಲಿ, 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯನ್ನು. ಇಲ್ಲೊಂದು ಸೂಕ್ಷ್ಮವಿದೆ. ಅಮೆರಿಕದಲ್ಲಿ ಮಧ್ಯಮ ತರಂಗದ ಕೇಂದ್ರಗಳ ನಡುವಿನ ಅಂತರ 10 ಕಿಲೋಹರ್ಟ್ಸ್. ಭಾರತವೂ ಸೇರಿದಂತೆ ಏಷ್ಯಾ, ಯೂರೋಪ್ ಮತ್ತು ಆಫ್ರಿಕಾಗಳಲ್ಲಿ 1978ರ ನವೆಂಬರ್‌ನಿಂದ 9 ಕಿಲೋಹರ್ಟ್ಸ್. ಮುಂದೆ ಬಂದ, ಅಂಕಿಗಳಲ್ಲಿ ಹೆಜ್ಜೆಯಿಡುವ ಡಿಜಿಟಲ್ ಟ್ಯೂನರುಗಳಲ್ಲಿ ಅಮೆರಿಕಕ್ಕಾಗಿಯೇ ತಯಾರಾದದ್ದು 610ರಿಂದ 620ಕ್ಕೆ ನೆಗೆಯುತ್ತದೆ. 612 ಅದಕ್ಕೆ ಸಿಗುವುದಿಲ್ಲ. ಚಿಕ್ಕಪ್ಪನ ಯಂತ್ರದಲ್ಲಿದ್ದದ್ದು ಹೆಜ್ಜೆಗಳಲ್ಲ, ಜಾರುವ ಮುಳ್ಳು. ಎಲ್ಲಿ ಬೇಕಾದರೂ ನಿಲ್ಲುವ ಸ್ವಾತಂತ್ರ್ಯ ಅದಕ್ಕಿತ್ತು. ತನ್ನನ್ನು ತಯಾರಿಸಿದವರು ಊಹಿಸದಿದ್ದ ದೇಶವೊಂದರಲ್ಲಿ ಅದು ಕನ್ನಡ ವಾರ್ತೆಯನ್ನು ಸ್ಪಷ್ಟವಾಗಿ ಓದಿತು.

ಈ ಯಂತ್ರದ ಹೆಸರಿನಲ್ಲೇ ಇನ್ನೊಂದು ಪಾಠವಿದೆ. ಮರಾಂಟ್ಜ್ ಕಂಪೆನಿ ಆ ಸಾಲಿನ ಮಾದರಿಗಳಿಗೆ ಸಂಖ್ಯೆ ಕೊಡುವಾಗ ಕೊನೆಯ ಅಂಕಿಗಳಲ್ಲಿ ಶಕ್ತಿಯನ್ನೇ ಸೂಚಿಸುತ್ತಿತ್ತು. 2240 ಎಂದರೆ ಪ್ರತಿ ಚಾನೆಲ್‌ಗೆ 40 ವ್ಯಾಟ್. 2270 ಎಂದರೆ 70. ಆ 40 ನಿಜವಾದ 40. ಅದಕ್ಕೆ ಕಾರಣವೂ ಇದೆ. ಅರವತ್ತರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಮಾರುಕಟ್ಟೆಯಲ್ಲಿ ಬಾಯಿಗೆ ಬಂದ ವ್ಯಾಟ್‌ಗಳನ್ನು ಜಾಹೀರಾತಿನಲ್ಲಿ ಹೇಳಿಕೊಳ್ಳುವ ಚಾಳಿ ಹೆಚ್ಚಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಒಂದು ನಿಯಮ ಜಾರಿಗೆ ತಂದಿತು. ಶಕ್ತಿಯ ಅಂಕಿಯನ್ನು ಹೇಳುವುದಾದರೆ ಎರಡೂ ಚಾನೆಲ್‌ಗಳು ಒಟ್ಟಿಗೆ, ಎಡೆಬಿಡದೆ ದುಡಿಯುವಾಗ ಸಿಗುವ ಅಂಕಿಯನ್ನೇ ಹೇಳಬೇಕು. ಧ್ವನಿ ಎಷ್ಟು ವಿಕೃತಗೊಳ್ಳುತ್ತದೆ ಎಂಬುದನ್ನೂ ಜೊತೆಗೆ ಹೇಳಬೇಕು. ಅಳೆಯುವ ಮೊದಲು ಯಂತ್ರವನ್ನು ಮೂರನೆಯ ಒಂದು ಭಾಗ ಶಕ್ತಿಯಲ್ಲಿ ಒಂದು ಗಂಟೆ ದುಡಿಸಿರಬೇಕು. ಈ ಕೊನೆಯ ಷರತ್ತು ಯಂತ್ರವನ್ನು ಚೆನ್ನಾಗಿ ಕಾಯಿಸುತ್ತದೆ. ಅದನ್ನು ತಾಳಿಕೊಳ್ಳಲು ದೊಡ್ಡ ಟ್ರಾನ್ಸ್‌ಫಾರ್ಮರ್, ದಪ್ಪ ಅಲ್ಯೂಮಿನಿಯಂ ರೆಕ್ಕೆಗಳು ಬೇಕಾದವು. ಆ ಕಾಲದ ರಿಸೀವರುಗಳ ಭಾರ ಕೇವಲ ಶೋಕಿಯದಲ್ಲ. ಮಾತಿಗೆ ತಪ್ಪದಿರಲು ತೆತ್ತ ಬೆಲೆಯೂ ಅದರಲ್ಲಿದೆ. ಅರ್ಧ ಶತಮಾನದ ನಂತರವೂ ಆ ಆಯೋಗ ನಿಯಮವನ್ನು ಕೈಬಿಡಲಿಲ್ಲ. 2024ರಲ್ಲಿ ಪರಿಷ್ಕರಿಸಿ ಉಳಿಸಿಕೊಂಡಿತು.

ನಮ್ಮಲ್ಲಿ ನಡೆದದ್ದೇನು? ತೊಂಬತ್ತರ ದಶಕದಲ್ಲಿ ನಮ್ಮ ಅಂಗಡಿಗಳ ತುಂಬ ‘ಪಿಎಂಪಿಒ’ ಎಂಬ ನಾಲ್ಕಕ್ಷರದ ಮಾಯೆ ಹಬ್ಬಿತ್ತು. ಕೈಯಲ್ಲಿ ಎತ್ತಿಕೊಂಡು ಓಡಾಡಬಹುದಾದ ಟೇಪ್‌ರೆಕಾರ್ಡರ್ ಮೇಲೆ 1000 ವ್ಯಾಟ್, 2000 ವ್ಯಾಟ್ ಎಂಬ ಚೀಟಿಗಳು. ಅವುಗಳ ಹಿಂಭಾಗದಲ್ಲಿ, ಗೋಡೆಯ ಸಾಕೆಟ್ಟಿನಿಂದ ಎಳೆದುಕೊಳ್ಳುವ ವಿದ್ಯುತ್ತು ಕೆಲವೇ ಹತ್ತು ವ್ಯಾಟ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಿತ್ತು. ಹತ್ತಾರು ವ್ಯಾಟ್ ನುಂಗಿ ಸಾವಿರ ವ್ಯಾಟ್ ಉಗುಳುವ ಯಂತ್ರ ಈ ಲೋಕದಲ್ಲಿಲ್ಲ. ಕ್ಷಣದ ಸಾವಿರದ ಒಂದು ಪಾಲಿನಲ್ಲಿ ಸಿಗಬಹುದಾದ ಕಾಲ್ಪನಿಕ ಗರಿಷ್ಠವನ್ನು ಎಲ್ಲ ಸ್ಪೀಕರುಗಳಿಗೂ ಕೂಡಿಸಿ ಹೇಳುವ ಆ ಅಂಕಿಗೆ ಯಾವ ಮಾನದಂಡವೂ ಇರಲಿಲ್ಲ. ವಾಸ್ತವದಲ್ಲಿ ನಮ್ಮ ನಡುಮನೆಗಳಲ್ಲಿ ಸಂಗೀತ ಕೇಳಲು ಹೆಚ್ಚಿನ ಹೊತ್ತು ಒಂದೆರಡು ವ್ಯಾಟ್ ಸಾಕು. ಉಳಿದದ್ದು ಮೃದಂಗದ ಪೆಟ್ಟು, ತಾರಸ್ಥಾಯಿಯ ಏರಿಕೆಯಂಥ ಕ್ಷಣಗಳಿಗಾಗಿ ಕಾದಿಟ್ಟ ಗಂಟು. ಆ ಗಂಟು ನಿಜವಾಗಿ ಇದೆಯೋ, ಚೀಟಿಯಲ್ಲಿ ಮಾತ್ರ ಇದೆಯೋ ಎಂಬುದೇ ವ್ಯತ್ಯಾಸ.

ಚಿಕ್ಕಪ್ಪ 2011ರಲ್ಲಿ ತೀರಿಕೊಂಡರು. ಚಿಕ್ಕಮ್ಮ ಮನೆ ಮಾರಿ ಮಗನ ಫ್ಲ್ಯಾಟಿಗೆ ಹೋಗುವಾಗ ರಿಸೀವರನ್ನು ನನ್ನ ಕೈಗಿತ್ತರು. ‘ಅವರು ದಿನಾ ಧೂಳು ಒರೆಸ್ತಿದ್ರು ಕಣೋ. ನಿನ್ನ ಹತ್ರ ಇದ್ರೆ ಹಾಡುತ್ತೆ’ ಎಂದರು. ಹಾಡುವ ಸ್ಥಿತಿಯಲ್ಲಿ ಅದಿರಲಿಲ್ಲ. ಎಡಗಡೆಯ ಸ್ಪೀಕರಿನಲ್ಲಿ ‘ಗುಂಯ್’ ಎಂಬ ಗುನುಗು. ಧ್ವನಿ ಏರಿಸುವ ಗುಂಡಿ ತಿರುಗಿಸಿದರೆ ಕರಕರ. ಡಯಲ್ಲಿನ ನೀಲಿ ಬೆಳಕು ಅರ್ಧ ಆರಿತ್ತು. ವಿಚಾರಿಸುತ್ತ ಹೋದಾಗ ಎಸ್.ಪಿ. ರಸ್ತೆಗೆ ಹೊಂದಿಕೊಂಡ ಗಲ್ಲಿಯೊಂದರಲ್ಲಿ, ಮೆಟ್ಟಿಲ ಕೆಳಗಿನ ಕಿರಿದಾದ ಅಂಗಡಿಯಲ್ಲಿ ಕೂತ ಹಿರಿಯ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಅವರು ಮೊದಲು ಮಾಡಿದ ಕೆಲಸ, ಮೇಲಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ, ಟಾರ್ಚು ಹಾಕಿ ಐದು ನಿಮಿಷ ಸುಮ್ಮನೆ ನೋಡಿದ್ದು. ‘ಇದು ಸಾಯೋ ಗಿರಾಕಿ ಅಲ್ಲ ಸಾರ್. ಹೊಟ್ಟೆ ಹಸಿದಿದೆ, ಅಷ್ಟೇ’ ಎಂದರು.

ಅವರ ಮಾತಿನ ಅರ್ಥ ಆಮೇಲೆ ತಿಳಿಯಿತು. ಇಂಥ ಯಂತ್ರಗಳಲ್ಲಿ ವಿದ್ಯುತ್ತನ್ನು ಕೂಡಿಟ್ಟು ಸಮನಾಗಿ ಹಂಚುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಒಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ. ಗುನುಗು ಹುಟ್ಟುವುದು ಹಾಗೆ. ಟ್ರಾನ್ಸ್‌ಫಾರ್ಮರ್, ರೆಸಿಸ್ಟರ್‌ಗಳು, ಬಹುಪಾಲು ಟ್ರಾನ್ಸಿಸ್ಟರ್‌ಗಳು ಗಟ್ಟಿಮುಟ್ಟಾಗಿಯೇ ಇರುತ್ತವೆ. ಕೆಪಾಸಿಟರ್‌ಗಳು ಇಂದಿಗೂ ಎಲ್ಲೆಡೆ ಸಿಗುವ, ಬಿಡಿಯಾಗಿ ಕೆಲವು ರೂಪಾಯಿ ಬೆಲೆಬಾಳುವ ವಸ್ತುಗಳು. ಪ್ರತಿಯೊಂದರ ಮೇಲೂ ಅದರ ಮೌಲ್ಯ ಅಚ್ಚಾಗಿರುತ್ತದೆ. ಪ್ರತಿಯೊಂದರ ಕಾಲುಗಳೂ ಬೋರ್ಡಿನ ರಂಧ್ರದ ಮೂಲಕ ಹಾದು ಬೆಸುಗೆ ಹಾಕಿಸಿಕೊಂಡಿರುತ್ತವೆ. ಕಾವು ಕೊಟ್ಟರೆ ಕಳಚುತ್ತದೆ, ಇನ್ನೊಂದನ್ನು ಕೂರಿಸಬಹುದು. ಕಂಪೆನಿ ದುರಸ್ತಿಗಾರರಿಗಾಗಿ ಅಚ್ಚು ಹಾಕಿಸಿದ್ದ ಕೈಪಿಡಿಯಲ್ಲಿ ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂಬುದೂ ನಕ್ಷೆಯಲ್ಲಿ ಗುರುತಾಗಿತ್ತು. ಅದರ ಜೆರಾಕ್ಸ್ ಪ್ರತಿಯನ್ನು ಮುಂದಿಟ್ಟುಕೊಂಡು ಅವರು ಎರಡು ವಾರದಲ್ಲಿ ಯಂತ್ರವನ್ನು ಎಬ್ಬಿಸಿದರು. ಕರಕರ ಸದ್ದಿಗೆ ಬೇಕಾದದ್ದು ಒಳಗಿನ ಧೂಳನ್ನು ಕ್ಲೀನರ್ ಸಿಂಪಡಿಸಿ ತೊಳೆಯುವುದು ಮಾತ್ರ.

ಇಂಥವರು ಬೆಂಗಳೂರಿನಲ್ಲಿ ಸಿಗುವುದು ಆಕಸ್ಮಿಕವಲ್ಲ. ಜಾಲಹಳ್ಳಿಯ ಬಿಇಎಲ್ ಅರವತ್ತರ ದಶಕದ ಆರಂಭದಲ್ಲೇ ರೇಡಿಯೊ ವಾಲ್ವ್‌ಗಳನ್ನೂ ಟ್ರಾನ್ಸಿಸ್ಟರ್‌ಗಳನ್ನೂ ತಯಾರಿಸತೊಡಗಿತ್ತು. ನಮ್ಮ ಮೆಕ್ಯಾನಿಕ್ ಕೆಲಸ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ. ವಾಲ್ವ್ ರೇಡಿಯೊ ರಿಪೇರಿ ಮಾಡುತ್ತಿದ್ದ ಗುರುವೊಬ್ಬರ ಅಂಗಡಿಯಲ್ಲಿ, ಮೊದಲ ವರ್ಷ ಚಹಾ ತಂದುಕೊಡುತ್ತ, ಎರಡನೆಯ ವರ್ಷ ಬೆಸುಗೆ ಹಿಡಿಯುತ್ತ. ಒಂದು ಇಡೀ ನಗರದ ರೇಡಿಯೊ, ಟೇಪ್‌ರೆಕಾರ್ಡರ್, ಟಿ.ವಿ.ಗಳನ್ನು ಬದುಕಿಸಿಟ್ಟ ಪರಂಪರೆ ಅದು.

ಈಗ ಹೊಸ ರಿಸೀವರಿನ ಕಥೆ. 2017ರಲ್ಲಿ ಒಂದು ಸಂಜೆ ಅದರ ಪರದೆಯ ಮೇಲೆ ಅಕ್ಷರಗಳು ಮೂಡಿದವು, ಸದ್ದು ಮಾತ್ರ ಬರಲಿಲ್ಲ. ಕಂಪೆನಿಯ ಸೇವಾ ಕೇಂದ್ರದವರು ಪರೀಕ್ಷಿಸಿ, ಎಚ್‌ಡಿಎಂಐ ಮತ್ತು ಸಂಕೇತ ಸಂಸ್ಕರಣೆಯ ಬೋರ್ಡು ಕೆಟ್ಟಿದೆ ಎಂದರು. ಬೋರ್ಡು ಬದಲಿಸಿ ಎಂದೆ. ಆ ಮಾದರಿಯ ಬೋರ್ಡು ಈಗ ಬರುವುದಿಲ್ಲ ಎಂದರು. ಬೋರ್ಡಿನಲ್ಲಿ ಕೆಟ್ಟಿರುವ ಭಾಗವನ್ನು ಬದಲಿಸಿ ಎಂದೆ. ಅದು ತಮ್ಮ ನಿಯಮದಲ್ಲಿಲ್ಲ ಎಂದರು. ನಕ್ಷೆಯನ್ನಾದರೂ ಕೊಡಿ ಎಂದಾಗ, ಗ್ರಾಹಕರಿಗೆ ಕೊಡುವಂತಿಲ್ಲ ಎಂದು ನಯವಾಗಿ ಹೇಳಿ ವಿನಿಮಯ ಯೋಜನೆಯ ಕರಪತ್ರವೊಂದನ್ನು ಕೈಗಿತ್ತರು. ನಾನದನ್ನು ಗಲ್ಲಿಯ ಮೆಕ್ಯಾನಿಕ್ ಬಳಿ ಒಯ್ದೆ. ಅವರು ಮುಚ್ಚಳ ತೆಗೆದು ನೋಡಿ ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ: ‘ಆಂಪ್ಲಿಫಯರ್ ಚೆನ್ನಾಗೇ ಇದೆ ಸಾರ್. ಟ್ರಾನ್ಸ್‌ಫಾರ್ಮರೂ ಚೆನ್ನಾಗಿದೆ. ಆದ್ರೆ ಆ ಬೋರ್ಡ್ ಅಪ್ಪಣೆ ಕೊಡದೆ ಇವು ಯಾವುವೂ ಕೆಲಸ ಮಾಡಲ್ಲ.’

ಸಮಸ್ಯೆಯ ಮೂಲ ಇಲ್ಲಿದೆ. ಹೊಸ ಯಂತ್ರ ಅಗ್ಗದ ವಸ್ತುಗಳಿಂದ ಮಾಡಿದ್ದಾಗಿರಲಿಲ್ಲ. ಅದರ ದೀರ್ಘಾಯುಷಿ ಭಾಗಗಳನ್ನು ಅಲ್ಪಾಯುಷಿ ಭಾಗವೊಂದಕ್ಕೆ ಕಟ್ಟಿಹಾಕಲಾಗಿತ್ತು. ಟ್ರಾನ್ಸ್‌ಫಾರ್ಮರ್ ಐವತ್ತು ವರ್ಷ ಬಾಳಬಲ್ಲದು. ಎಚ್‌ಡಿಎಂಐ ಎಂಬ ಜೋಡಣೆ ಹುಟ್ಟಿದ್ದೇ 2002ರಲ್ಲಿ. ಅಂದಿನಿಂದ ಅದರ ಆವೃತ್ತಿಗಳು ಮತ್ತೆ ಮತ್ತೆ ಬದಲಾಗಿವೆ. ಬೋರ್ಡು ಕೆಡದಿದ್ದರೂ ನನ್ನ 2010ರ ಯಂತ್ರ ಇಂದಿನ ಟಿ.ವಿ.ಯ ಪೂರ್ಣ ಗುಣಮಟ್ಟದ ಚಿತ್ರವನ್ನು ದಾಟಿಸಲಾರದಾಗಿತ್ತು. ಹಳೆಯ ರಿಸೀವರಿನ ಹಿಂಬದಿಯಲ್ಲಾದರೋ ‘ಆಕ್ಸ್’ ಎಂದು ಬರೆದ ಎರಡು ಸಾದಾ ತೂತುಗಳಿವೆ. ಅವು ಕೇಳುವುದು ಸಣ್ಣ ವಿದ್ಯುತ್ ಅಲೆಯನ್ನು ಮಾತ್ರ. ಅದು ಎಲ್ಲಿಂದ ಬಂತೆಂದು ವಿಚಾರಿಸುವುದಿಲ್ಲ. ಎಂಬತ್ತರ ದಶಕದಲ್ಲಿ ಅಲ್ಲಿ ಕ್ಯಾಸೆಟ್ ಡೆಕ್ ಇತ್ತು, ಆಮೇಲೆ ಸಿ.ಡಿ. ಪ್ಲೇಯರ್ ಬಂತು. ಈಗ ಕಡಿಮೆ ಬೆಲೆಯ ಬ್ಲೂಟೂತ್ ಅಡಾಪ್ಟರ್ ಒಂದನ್ನು ಸಿಕ್ಕಿಸಿ ಮಗಳು ತನ್ನ ಮೊಬೈಲಿನಿಂದ ಹಾಡು ಹಾಕುತ್ತಾಳೆ. ಬೇಗ ಬದಲಾಗುವುದು ಹೊರಗಿರಲಿ, ನಿಧಾನವಾಗಿ ಬದಲಾಗುವುದು ಒಳಗಿರಲಿ ಎಂಬ ವಿವೇಕ ಆ ವಿನ್ಯಾಸದಲ್ಲಿತ್ತು.

ಆದರೆ ಹಳೆಯ ರಿಸೀವರುಗಳನ್ನು ಹೊಗಳುವ ಭರದಲ್ಲಿ ಸತ್ಯಕ್ಕೆ ಅಪಚಾರವಾಗಬಾರದು. ಅವು ವಿದ್ಯುತ್ತಿನ ವಿಷಯದಲ್ಲಿ ದುಂದುಗಾರರು. ಸುಮ್ಮನೆ ಕುಳಿತಿದ್ದಾಗಲೂ ಹತ್ತಾರು ವ್ಯಾಟ್ ಶಾಖವಾಗಿ ಹೋಗುತ್ತದೆ. ಇಂದಿನ ‘ಕ್ಲಾಸ್ ಡಿ’ ಆಂಪ್ಲಿಫಯರುಗಳು ತಾವು ಪಡೆದ ವಿದ್ಯುತ್ತಿನ ಶೇ 90ರ ಆಸುಪಾಸನ್ನು ಸ್ಪೀಕರಿಗೆ ದಾಟಿಸಬಲ್ಲವು. ಅಂಗೈಯಗಲದ ಅಂಥ ಯಂತ್ರ ಅಳತೆಯ ಮೇಜಿನ ಮೇಲೆ ಚಿಕ್ಕಪ್ಪನ ಮರಾಂಟ್ಜನ್ನು ಸೋಲಿಸಿದರೆ ಅಚ್ಚರಿಯೇನಿಲ್ಲ. ಹಳೆಯದರ ‘ಬೆಚ್ಚನೆಯ ನಾದ’ದ ಬಗ್ಗೆ ಹೇಳುವ ಮಾತುಗಳಲ್ಲಿ ಅರ್ಧ ನೆನಪಿನ ಪಾಲು. ಹಳೆಯ ಸೆಟ್ಟುಗಳಿಗೆ ಫ್ಯಾಷನ್ ಹುಟ್ಟಿ ಬೆಲೆಯೂ ಏರಿದೆ. ಕೊಳ್ಳಹೊರಟವರು ಎಚ್ಚರ ವಹಿಸಬೇಕು. ಜಪಾನಿನ ಒಳಮಾರುಕಟ್ಟೆಗಾಗಿ ಆ ಕಾಲದಲ್ಲಿ ತಯಾರಾದದ್ದು 100 ವೋಲ್ಟಿನದು, ಅದರ ಎಫ್‌ಎಂ ಪಟ್ಟಿ 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ. ನಮ್ಮ ಬಹುತೇಕ ಕೇಂದ್ರಗಳು ಅದರಲ್ಲಿ ಸಿಗುವುದಿಲ್ಲ. ವರ್ಷಾನುಗಟ್ಟಲೆ ಅಟ್ಟದ ಮೇಲಿದ್ದ ಸೆಟ್ಟನ್ನು ನೇರವಾಗಿ ಸಾಕೆಟ್ಟಿಗೆ ಹಾಕುವುದೂ, ಅನುಭವವಿಲ್ಲದವರು ಮುಚ್ಚಳ ತೆಗೆದು ಕೈಹಾಕುವುದೂ ಅಪಾಯಕಾರಿ.

ಹೀಗಿರುವಾಗ ಹಳೆಯ ರಿಸೀವರಿನ ಶಾಶ್ವತ ಮೌಲ್ಯವೆಂದರೆ ಯಾವುದು? ನನ್ನ ಉತ್ತರ, ಅದು ತನ್ನ ಒಡೆಯನಿಂದ ಏನನ್ನೂ ಮುಚ್ಚಿಡುವುದಿಲ್ಲ ಎಂಬುದೇ. ಅದರ ಶಕ್ತಿ ಹೆಸರಿನಲ್ಲಿದೆ, ರಚನೆ ನಕ್ಷೆಯಲ್ಲಿದೆ, ರೋಗ ಬರಿಗಣ್ಣಿಗೆ ಕಾಣುತ್ತದೆ. ಈ ಗುಣವನ್ನು ಹೊಸ ಯಂತ್ರಗಳಿಂದಲೂ ಕೇಳುವ ಹಕ್ಕು ನಮಗಿದೆ. ಫ್ರಾನ್ಸ್ 2021ರಿಂದ ಮೊಬೈಲ್, ಲ್ಯಾಪ್‌ಟಾಪ್, ಟಿ.ವಿ. ಮುಂತಾದವುಗಳ ಮೇಲೆ ‘ದುರಸ್ತಿ ಸೂಚ್ಯಂಕ’ ನಮೂದಿಸುವುದನ್ನು ಕಡ್ಡಾಯಗೊಳಿಸಿತು. ಯೂರೋಪಿನ ಒಕ್ಕೂಟ 2024ರಲ್ಲಿ ದುರಸ್ತಿಯ ಹಕ್ಕಿನ ನಿರ್ದೇಶನ ಹೊರಡಿಸಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈಯಲ್ಲಿ ಇದಕ್ಕಾಗಿ ಸಮಿತಿ ನೇಮಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾಲತಾಣವೊಂದನ್ನು ತೆರೆಯಿತು. ಕಂಪೆನಿಗಳು ತಮ್ಮ ಮಾಹಿತಿಯನ್ನು ಅಲ್ಲಿ ಹಾಕಿಕೊಳ್ಳುವುದು ಸ್ವಾಗತಾರ್ಹ. ಆದರೆ ಬಿಡಿಭಾಗ ಇಂತಿಷ್ಟು ವರ್ಷ ಸಿಗಲೇಬೇಕು, ನಕ್ಷೆ ಯಾವ ದುರಸ್ತಿಗಾರನಿಗೂ ದೊರೆಯಲೇಬೇಕು ಎಂಬ ಕಟ್ಟುನಿಟ್ಟು ಇಲ್ಲದೆ ಹಕ್ಕು ಎಂಬ ಮಾತಿಗೆ ಅರ್ಥವಿಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಹಳೆಯ ಯಂತ್ರಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಯಂತ್ರ ಕಸವಾಗದಂತೆ ನೋಡಿಕೊಳ್ಳುವ ಹೊಣೆಯೂ ಅಷ್ಟೇ ಮುಖ್ಯವಲ್ಲವೇ?

ಕಾನೂನು ಬಂದರೂ ಅದನ್ನು ಬಳಸುವ ಕೈಗಳು ಬೇಕು. ಮೂರು ತಿಂಗಳ ಹಿಂದೆ ಡಯಲ್ಲಿನ ಬಲ್ಬು ಹಾಕಿಸಲು ಅದೇ ಗಲ್ಲಿಗೆ ಹೋಗಿದ್ದೆ. ಮೆಕ್ಯಾನಿಕ್ ಅಂಗಡಿ ಖಾಲಿ ಮಾಡುತ್ತಿದ್ದರು. ಕಣ್ಣು ಮಂಜಾಗಿದೆ, ಬಾಡಿಗೆ ಏರಿದೆ, ಮಗ ಸಾಫ್ಟ್‌ವೇರ್ ಕಂಪೆನಿಯಲ್ಲಿದ್ದಾನೆ. ‘ಯಾರಿಗಾದರೂ ಕಲಿಸಲಿಲ್ಲವೇ ಯಜಮಾನ್ರೇ?’ ಎಂದು ಕೇಳಿದೆ. ‘ಇಬ್ಬರು ಹುಡುಗರು ಬಂದಿದ್ರು ಸಾರ್. ಮೊಬೈಲ್ ಅಂಗಡಿಗೆ ಹೋದ್ರು. ಅಲ್ಲಿ ಬೋರ್ಡ್ ಬದಲಾಯ್ಸೋದು, ಅರ್ಧ ಗಂಟೆ ಕೆಲಸ. ಯಾಕೆ ಕೆಡ್ತು ಅಂತ ಕೇಳೋ ಪುರುಸೊತ್ತು ಯಾರಿಗೂ ಇಲ್ಲ’ ಎಂದರು. ಬಲ್ಬು ಹಾಕಿ, ಹಣ ಬೇಡವೆಂದು ಕೈಮುಗಿದರು. ಆಮೇಲೆ ಕಪಾಟಿನಿಂದ ಮಾಸಿದ ಆ ಜೆರಾಕ್ಸ್ ನಕ್ಷೆಯನ್ನು ತೆಗೆದರು. ತಾವು ಬದಲಿಸಿದ ಪ್ರತಿ ಭಾಗದ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ತಾರೀಖು ಬರೆದಿದ್ದರು. ‘ಇದನ್ನ ಇಟ್ಕೊಳ್ಳಿ. ಮುಂದೆ ಬಿಚ್ಚೋನಿಗೆ ಬೇಕಾಗುತ್ತೆ’ ಎಂದರು.

ನಮ್ಮ ತಾಂತ್ರಿಕ ತರಬೇತಿ ಸಂಸ್ಥೆಗಳು ಇಂಥ ಹಿರಿಯರನ್ನು ವಾರಕ್ಕೊಂದು ದಿನವಾದರೂ ಕರೆಸಿ ವಿದ್ಯಾರ್ಥಿಗಳ ಮುಂದೆ ಕೂರಿಸಬಾರದೇಕೆ? ಒಂದು ಹಳೆಯ ರಿಸೀವರನ್ನು ಬಿಚ್ಚಿ ಜೋಡಿಸುವಷ್ಟರಲ್ಲಿ ಒಬ್ಬ ಹುಡುಗ ಇಡೀ ಎಲೆಕ್ಟ್ರಾನಿಕ್ಸ್‌ನ ಬೇರುಗಳನ್ನು ಕೈಯಿಂದ ಮುಟ್ಟಿ ಕಲಿಯಬಲ್ಲ. ಇದಕ್ಕೆ ಬೇಕಾದದ್ದು ಕೋಟಿಗಳ ಯೋಜನೆಯಲ್ಲ. ಗೌರವ ಧನ ಮತ್ತು ಗೌರವ. ಈ ತಲೆಮಾರು ಸರಿದುಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಎಂಬತ್ತು ದಾಟಿದ ಚಿಕ್ಕಮ್ಮ ಪ್ರತಿಸಲ ಫೋನ್ ಮಾಡಿದಾಗಲೂ, ‘ಅದು ಇನ್ನೂ ಹಾಡುತ್ತೇನೋ?’ ಎಂದು ಕೇಳುತ್ತಾರೆ. ಹಾಡುತ್ತೆ ಚಿಕ್ಕಮ್ಮ ಎನ್ನುತ್ತೇನೆ. ಕಳೆದ ವಾರ ಮಗಳು ತಾನೇ ಮುಂದಾಗಿ ಆ ನಕ್ಷೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ರಿಸೀವರಿನ ಕೆಳಗಿನ ಖಾನೆಯಲ್ಲಿಟ್ಟಳು. ‘ಮುಂದಿನ ಸಲ ಕೆಟ್ಟರೆ ಯಾರ ಹತ್ರ ಹೋಗೋದಪ್ಪಾ?’ ಎಂದು ಕೇಳಿದಳು. ನಕ್ಷೆ ನಮ್ಮ ಬಳಿಯಿದೆ, ಬಿಡಿಭಾಗ ಪೇಟೆಯಲ್ಲಿದೆ. ಅವಳ ಪ್ರಶ್ನೆಗೆ ಮಾತ್ರ ನನ್ನ ಬಳಿ ಇನ್ನೂ ಉತ್ತರವಿಲ್ಲ.